ಜುಲೈನಲ್ಲಿ ಕುದುರೆಮುಖ: ಉಂಬಳ, ಹಳ್ಳ, ಗೈಡ್

ಜುಲೈನಲ್ಲಿ ಅಮ್ಮನ ಜೊತೆ ಕುದುರೆಮುಖ ಹತ್ತಬಹುದಾ, ಉಂಬಳಕ್ಕೆ (ರಕ್ತ ಹೀರುವ ಕಾಡಿನ ಜಿಗಣೆ) ಏನು ಮಾಡೋದು ಅಂತ ಕೇಳಿದ್ದೀರಿ. ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಹೋಗಿಬರಲು ಸುಮಾರು 20 ಕಿಲೋಮೀಟರ್, ಮಳೆಯಲ್ಲಿ ಎಂಟು ಗಂಟೆಯಾದರೂ ಬೇಕು. ಕಾಡಿನೊಳಗೆ ರಾತ್ರಿ ತಂಗುವಂತಿಲ್ಲ. ಅಮ್ಮನಿಗೆ ಗುಡ್ಡ ಹತ್ತಿ ರೂಢಿಯಿಲ್ಲದಿದ್ದರೆ ದಾರಿಯಲ್ಲಿ ಸಿಗುವ ಒಂಟಿಮರ ಅನ್ನೋ ಜಾಗದವರೆಗೆ ಹೋಗಿ ತಿರುಗಿಬಿಡಿ. ಶೋಲಾ ಕಾಡು (ಗುಡ್ಡದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು), ಹುಲ್ಲುಗಾವಲು ಎರಡೂ ಅಷ್ಟರಲ್ಲೇ ನೋಡಸಿಗುತ್ತವೆ.

ಉಂಬಳಕ್ಕೆ ಮೊಣಕಾಲುದ್ದದ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ತಗೊಳ್ಳಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ಮಾಮೂಲಿ ಉಣ್ಣೆ ಸಾಕ್ಸ್‌ನ ಸಂದಿಯಲ್ಲಿ ಅವು ನುಗ್ಗುತ್ತವೆ. ಹೊರಗೆ ಹಚ್ಚಿದ ಉಪ್ಪು ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ. ಕಚ್ಚಿದ ಮೇಲೆ ಎಳೆಯಬೇಡಿ, ಉಪ್ಪೂ ಸುರಿಯಬೇಡಿ: ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಉಂಬಳದ ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಜಾರಿಸಿ. ಅದರ ಜೊಲ್ಲಿಗೆ ರಕ್ತ ಹೆಪ್ಪುಗಟ್ಟದೆ ಸೋರುತ್ತಲೇ ಇರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಡಾಕ್ಟರನ್ನು ಕೇಳಿ.

ಅರಣ್ಯ ಇಲಾಖೆಯ ಅನುಮತಿ ಆನ್‌ಲೈನ್‌ನಲ್ಲೇ ಮಾಡಿಸಿ, ಅಸಲಿ ಗುರುತಿನ ಚೀಟಿ ಇರಲಿ. ದಾರಿಯಲ್ಲಿ ಹಳ್ಳಗಳಿವೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮೇಲೆ ಮಳೆ ಹೊಡೆದರೆ ಮಧ್ಯಾಹ್ನಕ್ಕೆ ತೊಡೆ ಮುಟ್ಟುತ್ತದೆ. ಗೈಡ್ ವಾಪಸ್ ಅಂದರೆ, ಶಿಖರ ಕಣ್ಣೆದುರಿಗಿದ್ದರೂ ವಾದ ಮಾಡದೆ ಇಳಿಯಿರಿ.