ಓದುಗರ ಪ್ರಶ್ನೆ: ಪಿಸ್ತೂಲು ಖಾಲಿ ಮಾಡುವ ಕ್ರಮ

ಪ್ರಶ್ನೆ: ಮೊದಲ ಬಾರಿ ಪಿಸ್ತೂಲು ಕೊಳ್ಳುತ್ತಿದ್ದೇನೆ. ಯಾವುದು ಸರಿ? ಮನೆಯಲ್ಲಿ ಇಡುವುದು ಹೇಗೆ?
– ಓದುಗರು, ಬ್ಯಾಡಗಿ

ಉತ್ತರ: ಲೈಸೆನ್ಸ್ ಕೈಗೆ ಬರುವ ಮುಂಚೆ ಮುಂಗಡ ಕೊಡಬೇಡಿ. ಹಾವೇರಿ ಜಿಲ್ಲೆಯವರಿಗೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. .32 ಬೋರ್ (ಬೋರ್ ಎಂದರೆ ನಳಿಕೆಯ ಒಳ ಅಳತೆ) ನೋಡಿ. 9 ಎಂಎಂ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿನಲ್ಲಿ ಕೊಳ್ಳಲು ಬಾರದು.

ಮನೆಯಲ್ಲಿ ಇಡುವ ಮುಂಚೆ ಪಿಸ್ತೂಲು ಖಾಲಿ ಮಾಡಿ. ಖಾಲಿ ಮಾಡುವಾಗ ನಳಿಕೆ ಯಾರ ಕಡೆಗೂ ಇರಬಾರದು, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮೊದಲು ಮ್ಯಾಗಜಿನ್ (ಗುಂಡು ತುಂಬಿದ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆಯಿರಿ. ಹಿಂದುಮುಂದಾದರೆ ಚೇಂಬರಿನ (ಹಾರಲು ಸಿದ್ಧವಾದ ಗುಂಡು ಕೂರುವ ನಳಿಕೆಯ ಹಿಂತುದಿ) ಗುಂಡು ಹೊರಬಿದ್ದ ಜಾಗಕ್ಕೆ ಮ್ಯಾಗಜಿನ್ನಿಂದ ಇನ್ನೊಂದು ಬಂದು ಕೂರುತ್ತದೆ. ‘ಖಾಲಿ ಇತ್ತು’ ಎನ್ನುವ ಅನಾಹುತಗಳು ಆಗುವುದು ಹೀಗೇ. ಸ್ಲೈಡ್ ಹಿಂದಕ್ಕೆ ನಿಲ್ಲಿಸಿ ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಗುಂಡು ಬೇರೆ ಕಡೆ, ಪಿಸ್ತೂಲು ಬೀಗದ ಲಾಕರಿನಲ್ಲಿ. ದಿಂಬಿನ ಕೆಳಗಂತೂ ಬೇಡವೇ ಬೇಡ.

ಚರ್ಮದ ಚೀಲದಲ್ಲೇ ಬಹುದಿನ ಬಿಟ್ಟರೆ ಪಸೆ ಹಿಡಿದು ತುಕ್ಕು ಹತ್ತುತ್ತದೆ.