ಕೈಗೂ ತಾಲೀಮು ಬೇಕು

ಓದುಗರ ಪತ್ರ: ನಾಲ್ಕು ವರ್ಷದಿಂದ ಆನ್‌ಲೈನ್‌ನಲ್ಲಿ ಪೋಕರ್ ಆಡುತ್ತಿದ್ದೇನೆ. ಒಮ್ಮೆಗೆ ನಾಲ್ಕು ಟೇಬಲ್ ತೆರೆದಿಟ್ಟುಕೊಳ್ಳುವ ಅಭ್ಯಾಸ. ಲೆಕ್ಕ ನೋಡಿದರೆ ಲಾಭದಲ್ಲೇ ಇದ್ದೇನೆ. ಹೋದ ತಿಂಗಳು ಮೊದಲ ಸಲ ಕ್ಯಾಸಿನೊದಲ್ಲಿ ಕೂತೆ. ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಇಡಲೇಬೇಕಾದ ಪಣ) 2–5. ಫ್ಲಾಪ್‌ಗೂ (ನಡುವೆ ತೆರೆದಿಡುವ ಮೊದಲ ಮೂರು ಎಲೆ) ಮುಂಚೆ 25ಕ್ಕೆ ರೈಸ್ ಮಾಡೋಣ, ಅಂದರೆ ಪಣ ಏರಿಸೋಣವೆಂದು 25ರ ಒಂದು ಚಿಪ್ ಮುಂದಿಟ್ಟೆ. ಡೀಲರ್ ‘ಕಾಲ್’ ಅಂದುಬಿಟ್ಟರು, ಅಂದರೆ ಇದ್ದ ಪಣಕ್ಕೆ ಸರಿಗಟ್ಟಿದ್ದಷ್ಟೇ. ಎಲ್ಲರೂ ನನ್ನನ್ನೇ ನೋಡಿದರು. ಆಮೇಲೊಮ್ಮೆ ಸೆಟ್ (ಒಂದೇ ಅಂಕೆಯ ಮೂರು ಎಲೆ) ಸಿಕ್ಕಾಗ ಕೈ ನಡುಗಿ ಚಿಪ್‌ಗಳೆಲ್ಲ ಉರುಳಿದವು. ಎದುರಿಗಿದ್ದವರು ಮುಗುಳ್ನಕ್ಕು ಎಲೆ ಬಿಟ್ಟರು. ನಲವತ್ತು ನಿಮಿಷಕ್ಕೇ ಎದ್ದು ಬಂದೆ. ಧೈರ್ಯ ಬರಲು ಯಾವ ಧ್ಯಾನ ಮಾಡಲಿ? ಕಪ್ಪು ಕನ್ನಡಕ ಹಾಕಿಕೊಂಡರೆ ಅನುಕೂಲವೇ?
— ಹೆಸರು ಬೇಡವೆಂದವರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ವರ್ಷ, ಒಮ್ಮೆಗೆ ನಾಲ್ಕು ಟೇಬಲ್, ಅದರಲ್ಲೂ ಲಾಭ. ಇಂಥವರಿಗೆ ಧೈರ್ಯದ ಕೊರತೆ ಇದೆಯೆಂದು ನಾನು ನಂಬಲಾರೆ. ಧ್ಯಾನದ ಮಾತನ್ನು ಮೊದಲು ಮುಗಿಸಿಬಿಡೋಣ. ನಾಲ್ಕು ಎಣಿಸುವವರೆಗೆ ಉಸಿರೆಳೆದು, ಆರು ಎಣಿಸುವವರೆಗೆ ಬಿಟ್ಟರೆ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಕೂರುವ ಮುಂಚೆ ಐದಾರು ಸಲ ಮಾಡಿ, ಒಳ್ಳೆಯದೇ. ಆದರೆ ವರ್ಷವಿಡೀ ಕಣ್ಣು ಮುಚ್ಚಿ ಕೂತರೂ, ಮಾತಿಲ್ಲದೆ ಇಟ್ಟ ಒಂಟಿ ಚಿಪ್ಪು ಕಾಲ್ ಆಗುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅದನ್ನು ಯಾರಾದರೂ ಹೇಳಿಕೊಡಬೇಕು. ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಆನ್‌ಲೈನ್‌ನಲ್ಲಿ ಸಾಫ್ಟ್‌ವೇರು ನಿಮಗೆ ತಪ್ಪು ಮಾಡಲು ಬಿಡುತ್ತಲೇ ಇರಲಿಲ್ಲ. ನಿಮ್ಮ ಸರದಿ ಬರುವವರೆಗೆ ಗುಂಡಿಗಳೇ ಏಳುವುದಿಲ್ಲ. ಕನಿಷ್ಠ ರೈಸ್ ಎಷ್ಟೆಂದು ಅದೇ ಹೇಳುತ್ತದೆ, ಪಾಟ್ (ನಡುವೆ ಸೇರಿದ ಹಣ) ಎಷ್ಟಾಯಿತೆಂದು ಅದೇ ಕೂಡುತ್ತದೆ, ಗೆದ್ದವರು ಯಾರೆಂದೂ ಅದೇ ತೀರ್ಮಾನಿಸುತ್ತದೆ. ನಿಜವಾದ ಟೇಬಲ್ಲಿಗೆ ಬಂದೊಡನೆ ಇಷ್ಟೂ ಕೆಲಸ ಒಟ್ಟಿಗೆ ನಿಮ್ಮ ತಲೆ, ಬಾಯಿ, ಕೈಗಳ ಪಾಲಿಗೆ ಬೀಳುತ್ತದೆ. ಹತ್ತು ಜನ ನೋಡುತ್ತಿರುವಾಗ, ಹಿಂದೆಂದೂ ಮಾಡದ ಕೆಲಸವನ್ನು ಹಣ ಪಣಕ್ಕಿಟ್ಟು ಮಾಡುತ್ತಿದ್ದೀರಿ. ಕೈ ನಡುಗದೆ ಇನ್ನೇನು?

ಆ 25ರ ಚಿಪ್ಪಿನಿಂದಲೇ ಶುರುಮಾಡೋಣ. ಮುಂದೆ ಬೆಟ್ ಇರುವಾಗ ಬಾಯಿ ಬಿಡದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಕಾಲ್. ಉಳಿದದ್ದು ಚಿಲ್ಲರೆಯಾಗಿ ವಾಪಸ್. ಫ್ಲಾಪ್‌ಗೂ ಮುಂಚೆ ಬಿಗ್ ಬ್ಲೈಂಡನ್ನೇ (ಎರಡರಲ್ಲಿ ದೊಡ್ಡದು, ಇಲ್ಲಿ 5) ಬೆಟ್ ಎಂದು ಲೆಕ್ಕ ಹಿಡಿಯುವುದರಿಂದ ನಿಮ್ಮ 25ರಲ್ಲಿ 5 ಮಾತ್ರ ಒಳಗೆ ಹೋಯಿತು. ಫ್ಲಾಪ್ ಆದಮೇಲೆ, ಯಾರೂ ಬೆಟ್ ಮಾಡದಿದ್ದಾಗ ಅದೇ ಚಿಪ್ ಇಟ್ಟಿದ್ದರೆ ಪೂರಾ 25ರ ಬೆಟ್ ಆಗುತ್ತಿತ್ತು. ಡೀಲರ್ ಹೇಳಿದ್ದು ಸರಿ, ನಿಮ್ಮನ್ನು ಅವಮಾನಿಸಲು ಹೇಳಿದ್ದಲ್ಲ. ಹೊಸಬರು ಬೀಳುವ ಇನ್ನೊಂದು ಹಳ್ಳವೂ ಇದೆ: ಮೊದಲು ಕಾಲ್‌ನಷ್ಟು ಇಟ್ಟು, ಮತ್ತೆ ಕೈ ಹಿಂದಕ್ಕೆ ಹೋಗಿ ರೈಸ್‌ಗೆ ಬೇಕಾದ ಚಿಪ್ ತರುವುದು. ಇದಕ್ಕೆ ಸ್ಟ್ರಿಂಗ್ ಬೆಟ್ ಅನ್ನುತ್ತಾರೆ, ಒಪ್ಪುವುದಿಲ್ಲ. ಎರಡಕ್ಕೂ ಮದ್ದು ಒಂದೇ. ಮೊದಲು ಬಾಯಲ್ಲಿ ‘ರೈಸ್, ಇಪ್ಪತ್ತೈದು’ ಎನ್ನಿ; ಆಮೇಲೆ ಕೈ ಆಡಿಸಿ. ಸರದಿಯಲ್ಲಿ ಆಡಿದ ಮಾತಿಗೆ ಕಟ್ಟುಬೀಳಬೇಕು, ಹಾಗಾಗಿ ಆ ಮಾತೇ ನಿಮ್ಮನ್ನು ಕಾಯುತ್ತದೆ. ಹೇಳಿಯಾದ ಮೇಲೆ ಚಿಪ್ಪನ್ನು ಒಂದೇ ಸಲ ಇಟ್ಟರೂ ಸರಿ, ನಾಲ್ಕು ಸಲ ಇಟ್ಟರೂ ಸರಿ. ಕೈ ನಡುಗಿ ಚೆಲ್ಲಿದರೂ ಮೊತ್ತ ಬದಲಾಗುವುದಿಲ್ಲ. ಟೇಬಲ್ ಮೇಲೆ ಗೆರೆ ಇದ್ದರೆ, ಅದನ್ನು ದಾಟಿದ ಚಿಪ್ಪಿಗೆ ಏನು ಅರ್ಥ ಎಂಬ ನಿಯಮ ಮಾತ್ರ ಜಾಗದಿಂದ ಜಾಗಕ್ಕೆ ಬೇರೆ. ಕೂತ ತಕ್ಷಣ ಡೀಲರನ್ನೇ ಕೇಳಿ.

ನಡುಕದ ವಿಷಯಕ್ಕೆ ಬರುತ್ತೇನೆ. ಅದು ಹೇಡಿತನದ ಗುರುತಲ್ಲ. ಒಳ್ಳೆಯ ಹ್ಯಾಂಡ್ ಕಂಡಾಗ ಅಡ್ರಿನಲಿನ್ ನುಗ್ಗುತ್ತದೆ, ಬೆರಳ ತುದಿಯಲ್ಲಿ ಅದು ಕಾಣುತ್ತದೆ. ಹಳಬರು ನಡುಗುವ ಕೈಯನ್ನು ಹೆದರಿಕೆ ಎಂದಲ್ಲ, ಬಲವಾದ ಎಲೆ ಎಂದೇ ಓದುತ್ತಾರೆ. ನಿಮ್ಮ ಎದುರಿನವರು ನಕ್ಕು ಎಲೆ ಬಿಟ್ಟದ್ದು ಅದಕ್ಕೇ. ಈ ನಡುಕವನ್ನು ಸಂಕಲ್ಪದಿಂದ ನಿಲ್ಲಿಸಲು ಹೋಗಬೇಡಿ, ಹೆಚ್ಚಾಗುತ್ತದೆ. ಅದಕ್ಕೆ ಕೆಲಸವಿಲ್ಲದಂತೆ ಮಾಡಿ. ಮುಂಗೈಯನ್ನು ಟೇಬಲ್ಲಿನ ಮೆತ್ತನೆಯ ಅಂಚಿಗೆ ಒರಗಿಸಿಡಿ. ಚಿಪ್ಪುಗಳನ್ನು ಇಪ್ಪತ್ತಿಪ್ಪತ್ತರ ಗೋಪುರವಾಗಿ ಜೋಡಿಸಿಟ್ಟುಕೊಳ್ಳಿ. ಬೆಟ್ ಮಾಡುವಾಗ ಗೋಪುರವನ್ನು ಎತ್ತಬೇಡಿ. ಬೇಕಾದಷ್ಟನ್ನು ನಿಮ್ಮ ಮುಂದೆಯೇ ಬೇರೆ ಮಾಡಿ, ಎರಡು ಬೆರಳು ಹಿಂದೆ, ಹೆಬ್ಬೆರಳು ಪಕ್ಕಕ್ಕೆ ಕೊಟ್ಟು ಮುಂದಕ್ಕೆ ಜಾರಿಸಿ. ಗಾಳಿಯಲ್ಲಿ ಎತ್ತಿದ ಕೈ ನಡುಗಿದಷ್ಟು ಬಟ್ಟೆಯ ಮೇಲೆ ಜಾರುವ ಕೈ ನಡುಗುವುದಿಲ್ಲ. ಪಾಟ್ ಮೇಲೆ ಎಸೆಯಲೇಬೇಡಿ. ಎಷ್ಟು ಹಾಕಿದಿರೆಂದು ಡೀಲರಿಗೆ ಗೊತ್ತಾಗುವುದಿಲ್ಲ.

ಇದೆಲ್ಲ ಮನೆಯಲ್ಲೇ ಕಲಿಯಬಹುದಾದ ವಿದ್ಯೆ. ನೂರು ಚಿಪ್, ಒಂದು ಕಟ್ಟು ಇಸ್ಪೀಟು, ದಿನಕ್ಕೆ ಹದಿನೈದು ನಿಮಿಷ, ಎರಡು ವಾರ. ಗಟ್ಟಿಯಾಗಿ ಹೇಳುತ್ತ ಆಡಿ. ಮನೆಯವರು ಏನಂದುಕೊಂಡರೂ ಚಿಂತೆಯಿಲ್ಲ, ನಿಮ್ಮ ದನಿ ನಿಮ್ಮ ಕಿವಿಗೆ ರೂಢಿಯಾಗಬೇಕು. ಎಲೆ ನೋಡುವುದನ್ನೂ ಅಭ್ಯಾಸ ಮಾಡಿ: ಎರಡು ಎಲೆಯನ್ನೂ ಟೇಬಲ್ ಮೇಲೇ ಇಟ್ಟು, ಒಂದು ಅಂಗೈಯಿಂದ ಮರೆಮಾಡಿ, ಹೆಬ್ಬೆರಳಿನಿಂದ ಮೂಲೆಯನ್ನಷ್ಟೇ ಎತ್ತಿ ನೋಡಿ, ಮೇಲೊಂದು ಚಿಪ್ ಇಟ್ಟುಬಿಡಿ. ಆ ಚಿಪ್ ಇಲ್ಲದಿದ್ದರೆ ನಿಮ್ಮ ಎಲೆಗಳು ಬಿಟ್ಟ ಎಲೆಗಳೆಂದು ಡೀಲರ್ ಎಳೆದುಕೊಳ್ಳುವ ಅಪಾಯವಿದೆ, ಹೋದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಎಲೆಯ ಬಣ್ಣವನ್ನೂ (ಆಟೀನೋ, ಡೈಮಂಡೋ, ಕಳಾವರೋ, ಇಸ್ಪೀಟೋ ಎಂಬುದನ್ನು) ಆ ಒಂದೇ ನೋಟದಲ್ಲಿ ನೆನಪಿಡಿ. ಆನ್‌ಲೈನ್‌ನಿಂದ ಬಂದವರು ಇಲ್ಲೇ ಸಿಕ್ಕಿಬೀಳುತ್ತಾರೆ, ಏಕೆಂದರೆ ಅಲ್ಲಿ ಎಲೆ ಸದಾ ಕಣ್ಣೆದುರೇ ಇರುತ್ತದೆ. ನಿಮ್ಮ ಬಳಿ ಆಟೀನ್ ಎಕ್ಕ, ಕಳಾವರ್ ರಾಜ ಇದೆ. ಫ್ಲಾಪ್‌ನಲ್ಲಿ ಮೂರು ಆಟೀನ್ ಬಿತ್ತು. ನೀವು ಎಲೆ ಎತ್ತಿ ಮತ್ತೆ ನೋಡಿದಿರಿ. ಎರಡೂ ಆಟೀನೇ ಆಗಿದ್ದರೆ ನೋಡುವ ಅಗತ್ಯವೇ ಇರಲಿಲ್ಲವಲ್ಲ! ಫ್ಲಶ್ (ಒಂದೇ ಬಣ್ಣದ ಐದು ಎಲೆ) ಇನ್ನೂ ಆಗಿಲ್ಲ, ಒಂದು ಆಟೀನ್ ಇರಬಹುದು ಎಂದು ಇಡೀ ಟೇಬಲ್ಲಿಗೆ ಸಾರಿದಂತಾಯಿತು.

ಪಾಟ್ ಲೆಕ್ಕ ನಿಮ್ಮದೇ. ನೋ-ಲಿಮಿಟ್ (ಬೆಟ್‌ಗೆ ಮೇಲ್ಮಿತಿ ಇಲ್ಲದ) ಆಟದಲ್ಲಿ ಎಷ್ಟಾಯಿತೆಂದು ಕೇಳಿದರೆ ಡೀಲರ್ ಹೇಳುವುದಿಲ್ಲ. 25ಕ್ಕೆ ರೈಸ್, ಇಬ್ಬರು ಕಾಲ್, ಬ್ಲೈಂಡ್ ಇಟ್ಟ ಇಬ್ಬರೂ ಎಲೆ ಬಿಟ್ಟರು: 75ಕ್ಕೆ ಬ್ಲೈಂಡಿನ 7 ಸೇರಿ 82. ಕ್ಯಾಸಿನೊ ತೆಗೆದುಕೊಳ್ಳುವ ರೇಕ್ ಇದರಲ್ಲೇ ಕಳೆಯುತ್ತದೆ. ನೀವು ಆಡದ ಹ್ಯಾಂಡ್‌ಗಳಲ್ಲೂ (ಒಮ್ಮೆ ಎಲೆ ಹಂಚಿ ಆಡುವ ಸುತ್ತು) ಇದನ್ನು ಎಣಿಸುತ್ತಿರಿ, ಆಗ ಬೇಸರವೂ ಕಾಡದು. ಬೇಸರ ಭಾರೀ ಶತ್ರು. ಆರು ಜನರ ಆನ್‌ಲೈನ್ ಟೇಬಲ್ಲಿನಲ್ಲಿ ಗಂಟೆಗೆ ಸುಮಾರು 80 ಹ್ಯಾಂಡ್, ನಿಮ್ಮ ನಾಲ್ಕು ಟೇಬಲ್ಲಿಗೆ 300ಕ್ಕೂ ಮೇಲೆ. ಕ್ಯಾಸಿನೊದಲ್ಲಿ 25ರಿಂದ 30. ವಾರಕ್ಕೊಮ್ಮೆ ಮೂರು ಗಂಟೆ ಕೂತರೆ ಒಂದು ತಿಂಗಳಿಗೆ ಆಗುವುದು ನೀವು ಮನೆಯಲ್ಲಿ ಒಂದು ಗಂಟೆಯಲ್ಲಿ ಆಡುವಷ್ಟೇ. ಕ್ಯಾಸಿನೊದಲ್ಲಿ ರೈಸ್ ಕೂಡ ದೊಡ್ಡದು. ನಿಮಗೆ ರೂಢಿಯಾದ ಎರಡೂವರೆ ಬ್ಲೈಂಡಿಗೆ ಯಾರೂ ಎಲೆ ಬಿಡುವುದಿಲ್ಲ. ನಾಲ್ಕೈದು ಬ್ಲೈಂಡ್, ಮುಂಚೆ ಲಿಂಪ್ ಮಾಡಿದ (ಏರಿಸದೆ ಬಿಗ್ ಬ್ಲೈಂಡಿನಷ್ಟೇ ಇಟ್ಟ) ಪ್ರತಿಯೊಬ್ಬರಿಗೂ ಒಂದೊಂದು ಸೇರಿಸಿ.

ಈಗ ನೀವು ಕ್ರಿಸ್ ಮನಿಮೇಕರ್ ಹೆಸರೆತ್ತಬಹುದು. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ 86 ಡಾಲರಿನ ಆನ್‌ಲೈನ್ ಪಂದ್ಯ ಗೆದ್ದು ಬಂದ ಲೆಕ್ಕಿಗ, 839 ಜನರಿದ್ದ ಕಣದಲ್ಲಿ ಎಲ್ಲರನ್ನೂ ದಾಟಿ 25 ಲಕ್ಷ ಡಾಲರ್ ಗೆದ್ದ. ಕೊನೆಗೆ ಇಬ್ಬರೇ ಉಳಿದಾಗ ಸ್ಯಾಮ್ ಫರ್ಹಾ ಎದುರು, ಸ್ಟ್ರೇಟೂ (ಸಾಲಾಗಿ ಬರುವ ಐದು ಎಲೆ) ಇಲ್ಲ ಫ್ಲಶ್ಶೂ ಇಲ್ಲ ಎಂಬಂಥ ಎಲೆಯಲ್ಲಿ ಆಲ್-ಇನ್ ಹೇಳಿದ, ಅಂದರೆ ಇದ್ದ ಚಿಪ್ಪನ್ನೆಲ್ಲ ಪಣಕ್ಕಿಟ್ಟ. ಒಂಬತ್ತರ ಜೋಡಿ ಹಿಡಿದ ಫರ್ಹಾ ಬಿಟ್ಟುಕೊಟ್ಟ. ಎಲ್ಲರೂ ಇದನ್ನು ಧೈರ್ಯದ ಕಥೆಯಾಗಿ ಹೇಳುತ್ತಾರೆ. ಆ ಮಾತು ಬಾಯಿಂದ ಹೊರಡುವ ಮುಂಚೆ ದಿನಗಟ್ಟಲೆ ಅದೇ ಬಟ್ಟೆಯ ಮೇಲೆ ಅವನ ಕೈ ಆಡಿತ್ತೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. 2007ರಲ್ಲಿ ಲಂಡನ್ನಿನಲ್ಲಿ ಅದೇ ವರ್ಲ್ಡ್ ಸೀರೀಸ್‌ನ ಯುರೋಪ್ ಆವೃತ್ತಿಯ ಮುಖ್ಯ ಪಂದ್ಯ ಗೆದ್ದ ನಾರ್ವೆಯ ಆನೆಟ್ ಒಬ್ರೆಸ್ಟಾಡ್‌ಗೆ ಹತ್ತೊಂಬತ್ತು ತುಂಬಲು ಒಂದು ದಿನ ಬಾಕಿಯಿತ್ತು. ಆಕೆ ಕಲಿತದ್ದೂ ಪರದೆಯ ಮೇಲೆಯೇ. ನಿಮ್ಮ ನಾಲ್ಕು ವರ್ಷದ ಕಲಿಕೆ ವ್ಯರ್ಥವಲ್ಲ ಎನ್ನಲು ಇಷ್ಟು ಸಾಕು.

ನನಗೆ ಸಂಕಟವಾಗುವುದು ಬೇರೆ ವಿಷಯಕ್ಕೆ. ಪೋಕರ್ ಕಲಿಸುತ್ತೇವೆನ್ನುವ ವಿಡಿಯೊಗಳು ಸಾವಿರಾರಿವೆ. ಯಾವ ಜಾಗದಿಂದ ಯಾವ ಎಲೆ ಆಡಬೇಕೆಂದು ಬಣ್ಣಬಣ್ಣದ ಪಟ್ಟಿ ತೋರಿಸುತ್ತಾರೆ. ಕುರ್ಚಿ ಎಳೆದುಕೊಂಡು ಕೂರುವುದು ಹೇಗೆಂದು ಹೇಳುವವರು ಅಪರೂಪ. ಇದು ಪೋಕರಿಗಷ್ಟೇ ಬಂದ ಕಷ್ಟವೂ ಅಲ್ಲ. ಪುಟಗಟ್ಟಲೆ ವಾದ ಬರೆಯಬಲ್ಲವರಿಗೆ ನಾಲ್ಕು ಜನರ ಸಭೆಯಲ್ಲಿ ಎದ್ದು ಒಂದು ಪ್ರಶ್ನೆ ಕೇಳಲಾಗುವುದಿಲ್ಲ. ಫೋನ್ ಮಾಡಿದರೆ ಎತ್ತದೆ ಸಂದೇಶ ಕಳಿಸಿ ಎನ್ನುವವರು ಎಷ್ಟು ಜನ! ಮನುಷ್ಯರೆದುರು ತಪ್ಪು ಮಾಡಿ, ತಿದ್ದಿಸಿಕೊಂಡು, ಅಲ್ಲೇ ಕೂತಿರುವ ರೂಢಿಯನ್ನು ಪರದೆ ನಮ್ಮಿಂದ ಸದ್ದಿಲ್ಲದೆ ಕಿತ್ತುಕೊಂಡಿದೆ. ಅದರ ಮೇಲೆ ಹೊಸಬರ ತಪ್ಪಿಗೆ ನಗುವ ಹಳಬರು. ಅವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲ ದಿನ ಅವರೂ ಎಡವಿದ್ದರು.

ಆದರೂ ನಲವತ್ತು ನಿಮಿಷಕ್ಕೆ ಎದ್ದುಬಂದಿರಲ್ಲ, ಅದಕ್ಕೆ ನಿಮ್ಮನ್ನು ಗದರುತ್ತೇನೆ. ಒಂದು ಮಾತು ಕೇಳಿದ್ದರೆ ಸಾಕಿತ್ತು. ‘ಇದು ನನಗೆ ಹೊಸದು, ತಪ್ಪಿದರೆ ಹೇಳಿ’ ಎಂದು ಡೀಲರಿಗೆ ಹೇಳುವುದರಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ಗಂಟೆಗಟ್ಟಲೆ ಎಲೆ ಹಂಚುತ್ತ, ಪಾಟ್ ಕಾಯುತ್ತ, ಬೈಗುಳ ನುಂಗುವವರು ಅವರು. ವಿನಯದಿಂದ ಕೇಳಿದವರಿಗೆ ಖಂಡಿತ ಸಹಾಯ ಮಾಡುತ್ತಾರೆ.

ಮುಂದಿನ ಸಲ ಅಲ್ಲಿನ ಅತಿ ಚಿಕ್ಕ ಬ್ಲೈಂಡಿನ ಟೇಬಲ್ಲಿಗೇ ಹೆಸರು ಬರೆಸಿ. ಕಳೆದುಕೊಂಡರೂ ಮನೆಖರ್ಚಿಗೆ ತೊಂದರೆಯಾಗದ ಹಣವನ್ನಷ್ಟೇ ಒಯ್ಯಿರಿ. ಅದು ಹೋದರೆ ಆ ದಿನದ ಆಟ ಮುಗಿಯಿತು. ಡೀಲರ್‌ಗೆ ಎದುರಾಗಿರುವ ನಡುವಿನ ಕುರ್ಚಿ ಸಿಕ್ಕರೆ ಎಲ್ಲರ ಚಿಪ್ಪೂ ಕಾಣುತ್ತದೆ. ಡೀಲರ್ ಪಕ್ಕದ ಕುರ್ಚಿಗಳಿಂದ ಡೀಲರ್‌ನ ಆಚೆ ಬದಿ ಸರಿಯಾಗಿ ಕಾಣುವುದಿಲ್ಲ. ಮೊದಲ ಅರ್ಧ ಗಂಟೆ ತುಂಬ ಒಳ್ಳೆಯ ಎಲೆ ಮಾತ್ರ ಆಡಿ, ಉಳಿದಂತೆ ಬೇರೆಯವರ ಕೈ ನೋಡಿ. ಕೊನೆಯಲ್ಲಿ ಎಲೆ ತೋರಿಸಬೇಕಾದಾಗ ಎರಡನ್ನೂ ಅಂಗಾತ ಇಟ್ಟುಬಿಡಿ, ಗೆದ್ದದ್ದು ಯಾರೆಂದು ಎಲೆಗಳೇ ಹೇಳುತ್ತವೆ. ಪಾಟ್ ನಿಮ್ಮ ಕಡೆಗೆ ಬರುವ ತನಕ ಅವನ್ನು ಕೈಬಿಡಬೇಡಿ. ಎರಡು ಗಂಟೆ ಕಳೆದ ಮೇಲೆ, ಗೆದ್ದಿದ್ದರೂ ಸೋತಿದ್ದರೂ, ಎದ್ದೇಳಿ.

ಕಪ್ಪು ಕನ್ನಡಕ ಬೇಡ. ಮಂದ ಬೆಳಕಿನಲ್ಲಿ ಅದು ಹಾಕಿಕೊಂಡರೆ ಆಟೀನೂ ಡೈಮಂಡೂ ಒಂದೇ ಥರ ಕಾಣುತ್ತವೆ, ಅಲ್ಲದೆ ನಿಮ್ಮ ಗುಟ್ಟು ಬಿಟ್ಟುಕೊಟ್ಟದ್ದು ಕಣ್ಣಲ್ಲ. ಆ ದುಡ್ಡಿಗೆ ನೂರು ಚಿಪ್ಪಿನ ಒಂದು ಪೆಟ್ಟಿಗೆ ತಂದುಕೊಳ್ಳಿ. ಎರಡು ವಾರ ಕಳೆದ ಮೇಲೆ, ಇಪ್ಪತ್ತರ ಗೋಪುರದಿಂದ ನೋಡದೆಯೇ ಐದು ಬೇರೆ ಮಾಡಲು ಬೆರಳಿಗೆ ಬಂತೇ ಎಂದು ಬರೆದು ತಿಳಿಸಿ.