ಗುಂಡು ಚೆದುರುತ್ತಿದೆಯೇ? ಸ್ಕೋಪ್ ಬದಲಿಸುವ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ

ಪ್ರಶ್ನೆ: ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ 315 ರೈಫಲ್ ನಮ್ಮ ಮನೆಯಲ್ಲಿದೆ, ತಂದೆಯವರ ಕಾಲದ್ದು. ಅದಕ್ಕೆ ನಾನು 4 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ (ಗುರಿ ಇಡುವ ದುರ್ಬೀನು) ಹಾಕಿಸಿದ್ದೆ, ಚೆನ್ನಾಗಿಯೇ ಇತ್ತು. ಎಲೆಕ್ಷನ್ ಸಮಯದಲ್ಲಿ ಠಾಣೆಗೆ ಡಿಪಾಸಿಟ್ ಕೊಟ್ಟು, ಮಳೆ ಹಿಡಿದ ಮೇಲೆ ವಾಪಸ್ ತಂದೆ. ಪೂರ್ತಿ ಬಿಚ್ಚಿ, ಎಣ್ಣೆ ಹಾಕಿ ಒರೆಸಿ, ಮತ್ತೆ ಜೋಡಿಸಿದೆ. ಈಗ ರೇಂಜ್‌ನಲ್ಲಿ 50 ಮೀಟರಿಗೆ ಹೊಡೆದರೆ ಒಂದು ಗುಂಡು ಇಲ್ಲಿ, ಇನ್ನೊಂದು ಒಂದು ಗೇಣು ಆಚೆ. ಸ್ಕೋಪ್ ತಿರುಗಿಸಿ ತಿರುಗಿಸಿ ಸಾಕಾಗಿದೆ. ಠಾಣೆಯಲ್ಲಿ ಯಾರೋ ಬೀಳಿಸಿರಬೇಕು ಅಂತ ಅನುಮಾನ. ಹೊಸ ಸ್ಕೋಪ್ ತಗೊಳ್ಳಲೇ ಸಾರ್?
— ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಬೇಡ, ಈಗಲೇ ಬೇಡ. ಮೊದಲು ಸ್ಕೋಪಿನ ಗುರಿ ಸರಿಸುವ ತಿರುಪಿನ ಮೇಲಿಂದ ಕೈ ತೆಗೆಯಿರಿ.

ಕೋವಿ ಬಿದ್ದು ಸ್ಕೋಪ್ ಸ್ವಲ್ಪ ವಾಲಿದ್ದರೆ ಗುಂಡುಗಳೆಲ್ಲ ಒಟ್ಟಿಗೇ ಬೀಳುತ್ತವೆ, ಆದರೆ ತಪ್ಪು ಜಾಗದಲ್ಲಿ. ಅದಕ್ಕೆ ತಿರುಪೇ ಮದ್ದು. ನಿಮ್ಮದು ಹಾಗಲ್ಲ, ಗುಂಪೇ ಚೆದುರಿದೆ. ಅಂದರೆ ಒಂದೊಂದು ಈಡಿಗೂ ಏನೋ ಒಂದು ಅಲುಗಾಡುತ್ತಿದೆ. ಅಲುಗಾಡುವುದನ್ನು ತಿರುಪಿನಿಂದ ಸರಿಮಾಡೋಕೆ ಹೋದರೆ ತೋಟಾ ಖರ್ಚಾಗುತ್ತದೆ, ಅಷ್ಟೇ. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ಅಂತ ಇರುತ್ತೆ, ರೇಟೂ ಜಾಸ್ತಿ. ಹಾಗಾಗಿ ಒಂದೂ ತೋಟಾ ಸುಡದೆ ಮನೆಯಲ್ಲೇ ಎಷ್ಟು ಪತ್ತೆ ಮಾಡಬಹುದೋ ಅಷ್ಟನ್ನೂ ಮಾಡಿ.

ಇನ್ನು ಠಾಣೆಯವರ ಮೇಲಿನ ಅನುಮಾನ. ನಿಮ್ಮ ಪತ್ರದಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ಬೇರೆ: 'ಪೂರ್ತಿ ಬಿಚ್ಚಿ, ಎಣ್ಣೆ ಹಾಕಿ', ಅದೂ ಮಳೆಗಾಲದಲ್ಲಿ. ಪಾಪ, ಪೊಲೀಸರನ್ನು ಬಿಟ್ಟುಬಿಡಿ.

ಕೆಲಸಕ್ಕೆ ಕೂರುವ ಮೊದಲು ಮ್ಯಾಗಜೀನ್ ತೆಗೆದಿಡಿ, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ಹೊರಗೆಳೆಯಿರಿ, ತೋಟಾ ಬೇರೆ ಕೋಣೆಯಲ್ಲಿರಲಿ. ನಳಿಗೆಯಲ್ಲಿ ಬೆಳಕು ಕಾಣುತ್ತಾ ನೋಡಿಕೊಳ್ಳಿ.

ಮೊದಲು ಸ್ಕೋಪಿನ ಮೌಂಟ್, ಅಂದರೆ ಅದನ್ನು ಕೋವಿಗೆ ಹಿಡಿದಿಡುವ ಪಟ್ಟಿ ಮತ್ತು ರಿಂಗು. 315 ರೈಫಲ್ ಹಳೇ ಲೀ-ಎನ್‌ಫೀಲ್ಡ್ ಮಿಲಿಟರಿ ರೈಫಲಿನ ಅಚ್ಚಿನಲ್ಲಿ ಇಚ್ಛಾಪುರದ ಕಾರ್ಖಾನೆ ಮಾಡಿದ್ದು. ಆ ಅಚ್ಚು ಹುಟ್ಟಿದ್ದೇ ಬರಿಗಣ್ಣಿನ ಗುರಿಗೆ. ಹಾಗಾಗಿ ಸ್ಕೋಪ್ ಕೂರಿಸಲು ಮಿಸ್ತ್ರಿ ತೂತು ಕೊರೆದು ಪಟ್ಟಿ ಹಾಕಿರುತ್ತಾನೆ. ಸ್ಕ್ರೂ ಸಣ್ಣದು, ತೂತಿನೊಳಗೆ ಅದು ಕಚ್ಚಿಕೊಳ್ಳುವುದೂ ನಾಲ್ಕೈದು ಸುತ್ತು ಮಾತ್ರ. ಜನ ಮೇಲಿನ ರಿಂಗಿನ ಸ್ಕ್ರೂ ಬಿಗಿ ಮಾಡಿ ಸುಮ್ಮನಾಗುತ್ತಾರೆ. ಸಡಿಲಾಗಿರುವುದು ಅದರ ಕೆಳಗೆ, ಪಟ್ಟಿಯನ್ನು ಕೋವಿಗೆ ಹಿಡಿದಿರುವ ಸ್ಕ್ರೂ. ಸ್ಕೋಪ್ ಬಿಚ್ಚದೆ ಅದು ಕಾಣುವುದೇ ಇಲ್ಲ. ನೀವು ಹಾಕಿದ ಎಣ್ಣೆ ಅಲ್ಲಿಗೂ ಇಳಿದಿರುತ್ತದೆ. ಎಣ್ಣೆ ಕುಡಿದ ಸ್ಕ್ರೂ ನಾಲ್ಕು ಈಡಿಗೇ ಬಿಚ್ಚಿಕೊಳ್ಳುತ್ತದೆ.

ಎಲ್ಲ ಬಿಚ್ಚಿ, ಸ್ಕ್ರೂ ಮತ್ತು ತೂತನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಪಟ್ಟಿಯ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಸಾಕು. ಕೆಂಪುದು ಬೇಡ, ಮತ್ತೆ ಬಿಚ್ಚೋಕೆ ಕಷ್ಟ. ರಿಂಗಿನ ಸ್ಕ್ರೂಗಳನ್ನು ಒಂದಾದ ಮೇಲೊಂದು ಕರ್ಣದ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜೋರು ಮಾಡಿದರೆ ಸ್ಕೋಪಿನ ಕೊಳವೆ ನೆಗ್ಗಿ ಒಳಗಿನ ಭಾಗ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಸ್ಕ್ರೂ ತಲೆಯಿಂದ ಪಟ್ಟಿಯವರೆಗೆ ನೈಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಸ್ಕ್ರೂ ಕದಲಿದರೆ ಗೆರೆ ತುಂಡಾಗಿ ಕಾಣುತ್ತದೆ.

ಎರಡನೆಯದು ಮರ. ನನ್ನ ಅನುಮಾನ ಜಾಸ್ತಿ ಇರುವುದು ಇದರ ಮೇಲೆ. ಜೂನ್ ಬಂತೆಂದರೆ ನಮ್ಮ ಮಲೆನಾಡಿನಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತಲ್ಲ, ಕೋವಿಯ ಮರದ್ದೂ ಅದೇ ಕತೆ. ತೇವ ಕುಡಿದು ಉಬ್ಬಿ ನಳಿಗೆಯನ್ನು ಒಂದು ಪಕ್ಕದಿಂದ ಒತ್ತುತ್ತದೆ. ಈಡು ಹೊಡೆದಾಗ ನಳಿಗೆ ನಡುಗುತ್ತದೆ. ಆ ನಡುಕ ಪ್ರತಿ ಸಲವೂ ಒಂದೇ ಥರ ಇದ್ದರೆ ಗುಂಡು ಒಂದೇ ಕಡೆ ಹೋಗುತ್ತದೆ, ಮರ ಅಡ್ಡ ಬಂದರೆ ಇಲ್ಲ. ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಕತ್ತರಿಸಿ, ನಳಿಗೆಗೂ ಮರಕ್ಕೂ ನಡುವೆ ಮೂತಿಯ ಕಡೆಯಿಂದ ಹಿಂದಕ್ಕೆ ಎಳೆಯುತ್ತಾ ಬನ್ನಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಡಕ್ಕೋ ಬಲಕ್ಕೋ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬಿಸಿಲು ಕಾಲದಲ್ಲಿ ಇನ್ನೊಮ್ಮೆ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಸಿಕ್ಕಿಕೊಂಡ ತಕ್ಷಣ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಬೇಡಿ. ಈ ಜಾತಿಯ ರೈಫಲ್‌ಗಳಲ್ಲಿ ಮರ ಕೆಲವು ಕಡೆ ಬೇಕೆಂದೇ ತಾಗುವಂತೆ ಕೂರಿಸಿರುತ್ತಾರೆ. ತೆಗೆದ ಮರ ಮತ್ತೆ ಹುಟ್ಟುವುದಿಲ್ಲ. ಗುರುತು ಹಾಕಿ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ತೋರಿಸಿ. ಟ್ರಿಗರ್ ಗಾರ್ಡ್ ಮುಂದಿರುವ ದೊಡ್ಡ ಸ್ಕ್ರೂ ನೀವು ಬಿಚ್ಚಿದ್ದೀರಿ, ಅಲ್ವಾ? ಮುಂದಿನ ಮರವನ್ನು ಕಬ್ಬಿಣಕ್ಕೆ ಹಿಡಿದಿರುವುದೇ ಅದು. ಅರೆಬರೆ ಬಿಗಿಯಾಗಿದ್ದರೂ ಗುಂಡು ಚೆದುರುತ್ತದೆ. ಪದೇ ಪದೇ ಬಿಚ್ಚಿದರೆ ಮರ ಕೂರುವ ಜಾಗವೇ ಸವೆಯುತ್ತದೆ. ಕ್ಲೀನ್ ಮಾಡೋಕೆ ಮರ ಬಿಚ್ಚುವ ಅಗತ್ಯವೇ ಇಲ್ಲ. ಮಳೆಗಾಲದಲ್ಲಿ ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಇಡಲೂ ಬೇಡಿ, ತೇವ ಅಲ್ಲೇ ಕೂತು ತುಕ್ಕು ಹಿಡಿಸುತ್ತದೆ.

ಮೂತಿಯನ್ನೂ ನೋಡಿ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ನಳಿಗೆಯ ತುದಿಯೊಳಗೆ ಇಟ್ಟು, ಸುತ್ತಲೂ ಹೊರಕ್ಕೆ ಎಳೆಯಿರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿತೋ ಅಲ್ಲಿ ಅಂಚು ಗಾಯವಾಗಿದೆ ಅಂತ. ಗುಂಡು ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಒಂದು ಕಡೆ ಸವೆದಿದ್ದರೆ ಹೊಗೆಯ ಒತ್ತಡ ಆ ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಮೂತಿಯಿಂದ ಕಬ್ಬಿಣದ ರಾಡ್ ತುರುಕಿ ಉಜ್ಜುವವರಿಗೆ ಇದು ಕಟ್ಟಿಟ್ಟ ಬುತ್ತಿ. ಬೋಲ್ಟ್ ತೆಗೆದು ಹಿಂದಿನಿಂದಲೇ ಒರೆಸಿ.

ಇಷ್ಟಾದ ಮೇಲೆ ಸ್ಕೋಪಿನ ಸರದಿ. ಬೋಲ್ಟ್ ಇಲ್ಲದ ಕೋವಿಯನ್ನು ಮರಳು ಚೀಲದ ಮೇಲೆ ಗಟ್ಟಿಯಾಗಿ ಕೂರಿಸಿ, 50 ಮೀಟರ್ ಆಚೆ ಒಂದು ಸ್ಕೇಲ್ ಅಡ್ಡ ಇಟ್ಟು ಸ್ಕೋಪಿನಲ್ಲಿ ನೋಡಿ. ತಿರುಪಿನ ಒಂದು ಕ್ಲಿಕ್ ಕಾಲು ಮಿನಿಟಿನದಾದರೆ (ಇದು ಕೋನದ ಮಿನಿಟು, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಈ ದೂರದಲ್ಲಿ ಸುಮಾರು 3.6 ಮಿಲಿಮೀಟರ್ ಸರಿಯಬೇಕು. 20 ಕ್ಲಿಕ್ ಬಲಕ್ಕೆ ಕೊಟ್ಟರೆ ಸ್ಕೋಪಿನೊಳಗಿನ ಗುರಿಯ ಗೆರೆ ಏಳು ಸೆಂಟಿಮೀಟರ್ ಆಸುಪಾಸು ಸರಿದು, 20 ವಾಪಸ್ ಕೊಟ್ಟರೆ ಹೊರಟ ಜಾಗಕ್ಕೇ ಬರಬೇಕು. ಬರಲಿಲ್ಲ, ಅಥವಾ ಸ್ಕೋಪಿಗೆ ಮೆಲ್ಲಗೆ ತಟ್ಟಿದ ಮೇಲಷ್ಟೇ ಗೆರೆ ಕದಲಿತು ಅಂದರೆ ಆಗ ಹೊಸ ಸ್ಕೋಪಿನ ಮಾತು.

ಆಮೇಲೆ ರೇಂಜ್‌ಗೆ ಹೋಗಿ. ಎಣ್ಣೆ ಇರುವ ನಳಿಗೆಯ ಮೊದಲ ಗುಂಡು ಬೇರೆ ಕಡೆ ಹೋಗುವುದು ಸಾಮಾನ್ಯ, ಆದ್ದರಿಂದ ಒಣಬಟ್ಟೆಯಲ್ಲಿ ಒರೆಸಿ. ಮರಳು ಚೀಲ ಮರದ ಕೆಳಗಿರಲಿ, ನಳಿಗೆಯ ಕೆಳಗಲ್ಲ. ಒಂದೇ ಡಬ್ಬಿಯ ಐದು ತೋಟಾ, ನಡುವೆ ನಳಿಗೆ ಆರಲು ಬಿಟ್ಟು, ತಿರುಪು ಮುಟ್ಟದೆ ಹೊಡೆಯಿರಿ. ಎರಡು ಬೇರೆ ಬೇರೆ ಗುಂಪಾದರೆ ಮೌಂಟ್ ಅಥವಾ ಸ್ಕೋಪ್. ಬಿಸಿಯಾದಂತೆ ಒಂದೇ ದಿಕ್ಕಿಗೆ ನಡೆಯುತ್ತಾ ಹೋದರೆ ಮರ. ಮೇಲೆ ಕೆಳಗೆ ಉದ್ದಕ್ಕೆ ಬಿದ್ದರೆ ತೋಟಾ, ಇಲ್ಲವೇ ಚೀಲದ ಮೇಲೆ ಇಟ್ಟ ರೀತಿ. ಹಳೇ 315ಗೆ 50 ಮೀಟರಿಗೆ ಐದಾರು ಸೆಂಟಿಮೀಟರಿನ ಗುಂಪು ಬಂದರೆ ನಾನು ತಕರಾರು ಮಾಡುವುದಿಲ್ಲ.

ಕೇಳದಿದ್ದರೂ ಹೇಳುತ್ತೇನೆ. ಬೆಳೆ ರಕ್ಷಣೆಯ ಲೈಸೆನ್ಸ್ ಶಿಕಾರಿಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯ್ದೆ ಕಾಡುಹಂದಿಗೂ ಅನ್ವಯಿಸುತ್ತದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಗುಂಡು ಹಾರಿಸಿದರೆ ಕೋವಿ, ಲೈಸೆನ್ಸ್ ಎರಡೂ ಹೋಗುತ್ತವೆ.

ಪ್ರಶ್ನೆ: ಸ್ಪ್ರಿಂಗ್ ಏರ್ ರೈಫಲ್‌ಗೆ ಹಾಕಿದ ಎರಡನೇ ಸ್ಕೋಪೂ ಕೆಟ್ಟಿತು. ಅಣ್ಣನ ದೊಡ್ಡ ರೈಫಲ್‌ನಲ್ಲಿ ಅದೇ ಥರದ ಸ್ಕೋಪ್ ಸರಿಯಾಗಿದೆ. ಯಾಕೆ?
— ವಿದ್ಯಾರ್ಥಿ, ಹಾಸನ

ಉತ್ತರ: ದೊಡ್ಡ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್ ರೈಫಲ್ ಪಿಸ್ಟನ್ ಹೊರಟಾಗ ಹಿಂದಕ್ಕೆ, ಅದು ತುದಿಗೆ ಬಡಿದಾಗ ಮುಂದಕ್ಕೆ, ಹೀಗೆ ಎರಡೂ ಕಡೆ ಒದೆಯುತ್ತದೆ. ಮಾಮೂಲಿ ಸ್ಕೋಪಿನ ಗಾಜು ಮುಂದಕ್ಕೆ ಬರುವ ಒದೆತ ತಡೆಯುವಂತೆ ಕೂರಿಸಿರುವುದಿಲ್ಲ. ಏರ್‌ಗನ್‌ಗೆಂದೇ ಮಾಡಿದ ಸ್ಕೋಪ್ ಕೇಳಿ ತಗೊಳ್ಳಿ, ಮೌಂಟ್ ಜಾರದಂತೆ ಹಿಂದೆ ಒಂದು ತಡೆ ಹಾಕಿಸಿ. ಬಂದೂಕನ್ನು ಬಿಗಿಯಾಗಿ ಹಿಡಿಯಬೇಡಿ. ತೆರೆದ ಅಂಗೈ ಮೇಲೆ ಸುಮ್ನೆ ಕೂತಿರಲಿ, ಪ್ರತಿ ಸಲ ಒಂದೇ ಜಾಗದಲ್ಲಿ. 4.5 ಮಿಲಿಮೀಟರ್ ಬೋರ್, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ನಿಜ. ಹಾಗಂತ ಪಾರಿವಾಳ, ಗಿಳಿಗೆ ಗುರಿ ಇಡಬೇಡಿ. ಅದಕ್ಕೂ ಅದೇ ಕಾಯ್ದೆ.